ಎರಡು ಪಟ್ಟಿ ಜಾಸ್ತಿ

ಹೊಟ್ಟೆಕಿಚ್ಚು ಇದೆಯಲ್ಲ, ಅದು ದೂರದವರ ಮೇಲೆ ಹುಟ್ಟುವುದಿಲ್ಲ. ಅರಮನೆಯಲ್ಲಿರುವವನನ್ನು ನೆನೆದು ನಮ್ಮಲ್ಲಿ ಯಾರಾದರೂ ನಿದ್ದೆಗೆಟ್ಟಿದ್ದೇವೆಯೇ? ಇಲ್ಲ. ನಮ್ಮಂಥದ್ದೇ ಮನೆ, ನಮ್ಮಂಥದ್ದೇ ಗಾಡಿ ಇರುವವನನ್ನು ನೆನೆದು ಕೆಟ್ಟಿದ್ದೇವೆ. ಹಾಗೆ ನಿದ್ದೆಗೆಟ್ಟವನೊಬ್ಬನ ಸಂಗತಿ ಹೇಳುತ್ತೇನೆ, ಕೇಳಿ.

ಬೆಟ್ಟದ ಮೇಲೊಂದು ಊರು, ಕೆಳಗೆ ಪೇಟೆ. ನಡುವೆ ಹನ್ನೊಂದು ಕಿಲೋಮೀಟರು ಕಲ್ಲುದಾರಿ; ಬಸ್ಸು ಹತ್ತುವುದಿಲ್ಲ. ಊರಿಗೆ ಇಬ್ಬರೇ ಜೀಪಿನವರು, ಒಬ್ಬ ಹಿರಿಯ, ಒಬ್ಬ ಕಿರಿಯ. ಇಬ್ಬರೂ ಒಂದೇ ಹರಾಜಿನಲ್ಲಿ, ಒಂದೇ ವರ್ಷದ ಹಳೆಯ ಜೀಪು ಕೊಂಡವರು. ಸರದಿಯಂತೆ ಒಬ್ಬನಾದ ಮೇಲೆ ಒಬ್ಬ ಜನರನ್ನು ಕೂರಿಸಿಕೊಂಡು ಇಳಿಯಬೇಕು, ಅದು ಅಲ್ಲಿಯ ಕಟ್ಟಳೆ.

ಇತ್ತೀಚೆಗೆ ಹಿರಿಯವನ ಸರದಿ ಬಂದಾಗ ಜನ ಬೇರೆ ಕಡೆ ನೋಡತೊಡಗಿದ್ದರು. “ನೀನು ಹೊರಡಣ್ಣ, ನಮಗೇನು ಅವಸರ ಇಲ್ಲ” ಎನ್ನುವರು. ಯಾಕೆಂದು ಅವನಿಗೆ ಗೊತ್ತಿತ್ತು. ಅವನ ಜೀಪು ಗುಂಡಿಗೆ ಇಳಿದರೆ ಕೂತವರ ತಲೆ ಮೇಲಿನ ಕಂಬಿಗೆ ಬಡಿಯುತ್ತಿತ್ತು. ಕಿರಿಯವನ ಜೀಪು ಅದೇ ಗುಂಡಿಯಲ್ಲಿ ಇಳಿದು, ಎದ್ದು, ಸುಮ್ಮನಾಗುತ್ತಿತ್ತು. ಇದನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಒಂದು ಸೋಮವಾರ ಅವನ ಹೆಂಡತಿಯೇ ಕಿರಿಯವನ ಜೀಪು ಹತ್ತಿ ಹೋದಳು. ಪೇಟೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಸೊಂಟನೋವು ಬೇರೆ.

“ಏನಣ್ಣ, ಅತ್ತಿಗೆಗೂ ಅವಸರ ಇಲ್ವಂತಾ?” ಎಂದ ಟೀ ಅಂಗಡಿಯವನು. ಬೆಂಚಿನ ಮೇಲಿದ್ದವರು ಲೋಟದೊಳಗೇ ನಕ್ಕರು.

ನೋಡಿ, ಆಗ ಅವನು ಏನು ಮಾಡಬೇಕಿತ್ತು? ಮನೆಗೆ ಹೋಗಿ ಹೆಂಡತಿಯನ್ನು ಕೇಳಬೇಕಿತ್ತು. ಕೇಳಲಿಲ್ಲ. ಕಿರಿಯವನು ಊಟಕ್ಕೆ ಹೋದ ಹೊತ್ತು ನೋಡಿಕೊಂಡು, ಅವನ ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಕ್ರದ ನಡುವಿನಿಂದ ಮೇಲಿನ ತಗಡಿನವರೆಗೆ ಗೇಣು ಹಾಕಿ ಅಳೆದ. ತನ್ನದಕ್ಕಿಂತ ಆರು ಬೆರಳು ಎತ್ತರ. ಬಗ್ಗಿ ಸ್ಪ್ರಿಂಗ್ ನೋಡಿದ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಒಂಬತ್ತು. ತನ್ನದರಲ್ಲಿ ಏಳು. ಇಷ್ಟು ದಿನ ಈ ಎರಡು ಪಟ್ಟಿಯ ಬಲದಿಂದಲೇ ಮೆರೆದನಲ್ಲ!

ಮರುದಿನವೇ ಪೇಟೆಯ ಮೆಕ್ಯಾನಿಕ್ಕಿನ ಮುಂದೆ ಜೀಪು ನಿಲ್ಲಿಸಿದ.

ಮೆಕ್ಯಾನಿಕ್ಕು ಅಡಿಗೆ ನುಸುಳಿ ಹೊರಬಂದು ಹೇಳಿದ: “ಪಟ್ಟಿ ಸೋತು ಚಪ್ಪಟೆ ಆಗಿವೆ ಯಜಮಾನ್ರೇ. ಏಳೂ ಹೊಸವು ಹಾಕೋಣ. ಆದ್ರೆ ಮೊದಲು ಶಾಕ್ ಬದಲಾಯಿಸ್ಬೇಕು. ನಾಲ್ಕೂ ಎಣ್ಣೆ ಸೋರಿ ಸತ್ತಿವೆ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಟ್ಟಿ ಭಾರ ಹೊರುತ್ತದೆ, ಗುಂಡಿ ಸಿಕ್ಕಾಗ ಬಗ್ಗಿ ಮತ್ತೆ ಚಿಮ್ಮುತ್ತದೆ. ಬಿಟ್ಟರೆ ಚಿಮ್ಮುತ್ತಲೇ ಇರುತ್ತದೆ. ಆ ಕುಣಿತವನ್ನು ನುಂಗಿ ನಿಲ್ಲಿಸುವುದು ಪಕ್ಕದಲ್ಲಿರುವ ಎಣ್ಣೆ ತುಂಬಿದ ಕೊಳವೆ. ಅದೇ ಶಾಕ್.

“ಶಾಕ್ ಹಾಕಿದ್ರೆ ಗಾಡಿ ಎತ್ತರ ಆಗುತ್ತಾ?”

“ಅದ್ರಿಂದ ಎತ್ತರ ಯಾಕಾಗುತ್ತೆ?”

“ಹಂಗಾದ್ರೆ ಅದು ಬಿಡು. ಹನ್ನೊಂದು ಪಟ್ಟಿ ಹಾಕು.”

“ಹನ್ನೊಂದಾ? ನೀವು ಎಷ್ಟು ಭಾರ ಹೊರ್ತೀರಿ?”

“ಅವನದ್ರಲ್ಲಿ ಒಂಬತ್ತಿದೆ.”

ಕೇಳಿದಿರಾ? ಪ್ರಶ್ನೆ ಯಾವುದು, ಉತ್ತರ ಯಾವುದು?

ಹನ್ನೊಂದು ಪಟ್ಟಿ ಬಿಗಿದ ಜೀಪು ಕಾಲು ಚಾಚಿದ ಮೇಕೆಯ ಹಾಗೆ ನಿಂತಿತು. ಎರಡು ದಿನ ಅವನು ಅದನ್ನು ಕಿರಿಯವನ ಜೀಪಿನ ಪಕ್ಕಕ್ಕೇ ನಿಲ್ಲಿಸಿದ. ಮೂರನೆಯ ದಿನ ಹೆಂಡತಿಗೆ, “ಇವತ್ತು ನಮ್ಮ ಗಾಡೀಲೇ ಹೋಗು” ಎಂದ. ಅವಳು ಹತ್ತಿದಳು.

ಮೊದಲ ತಿರುವಿಗೇ ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದಳು. ಕಲ್ಲು ಸಿಕ್ಕರೆ ಒಂದು ಏಟು, ಆಮೇಲೆ ಮೂರು ಕುಣಿತ. ನಾಲ್ಕನೆಯ ಕಿಲೋಮೀಟರಿನಲ್ಲಿ ಅವಳು, “ನಿಲ್ಸಿ, ನಾನಿಲ್ಲೇ ಇಳೀತೀನಿ” ಎಂದಳು.

“ಹೊಸ ಪಟ್ಟಿ ಕಣೇ ಇದು.”

“ಹಂಗಂತ ನನ್ನ ಸೊಂಟಕ್ಕೆ ಹೇಳಿ.”

ಇಳಿದು ದಾರಿಬದಿಯ ಮೋರಿಕಟ್ಟೆಯ ಮೇಲೆ ಕೂತಳು. ಹಿಂದೆಯೇ ಕಿರಿಯವನು ಹಾಲಿನ ಕ್ಯಾನು, ಜನ ತುಂಬಿಕೊಂಡು ಬಂದ. ಕೆಳಗಿಳಿದು, ಹಿರಿಯವನ ಜೀಪಿನಡಿ ಬಗ್ಗಿ ಎಣಿಸಿದ.

“ಅಣ್ಣಾ, ನಾನು ದಿನಾ ಹಾಲೇ ನಾಲ್ಕು ಕ್ವಿಂಟಾಲ್ ಹೊರ್ತೀನಿ, ಅದಕ್ಕೆ ಒಂಬತ್ತು. ಭಾರ ಇಲ್ದೆ ಹೋದ್ರೆ ನಂದೂ ಒದೆಯುತ್ತೆ. ನೀನು ಅತ್ತಿಗೆ ಒಬ್ರನ್ನ ಕೂರಿಸ್ಕೊಂಡು ಹನ್ನೊಂದು ಯಾಕೆ ಹಾಕಿಸ್ದೆ?”

ಹಿರಿಯವನು ಆ ಜೀಪಿನ ಎತ್ತರ ಅಳೆದಿದ್ದ, ಅದು ಹೊರುವ ಭಾರ ಅಳೆದಿರಲಿಲ್ಲ. ಹೆಂಡತಿ ಹತ್ತಿ ಹೋದ ಜೀಪಿನ ಹಿಂದೆಯೇ ಏಳು ಕಿಲೋಮೀಟರು ಕುಣಿಯುತ್ತ ಇಳಿದ. ಮುಂದೆ ಅವಳು ಕಂಬಿ ಹಿಡಿಯದೆ, ಯಾರ ಜೊತೆಗೋ ಕೈಯಾಡಿಸುತ್ತ ಮಾತಾಡುತ್ತಿದ್ದಳು. ಅವನ ಕಣ್ಣು ಆ ಕೈಯ ಮೇಲೇ ಇತ್ತು. ತನ್ನ ಜೊತೆ ಕೂತಾಗ ಅವಳ ಕೈ ಯಾವತ್ತಾದರೂ ಹಾಗಿತ್ತೇ?

ಅವನು ಅಂದೇ ನಾಲ್ಕು ಪಟ್ಟಿ ಬಿಚ್ಚಿಸಿ ಶಾಕ್ ಹಾಕಿಸಿದ. ಅವಳು ಮಾರನೆಯ ದಿನವೇ ಅವನ ಜೀಪಿಗೆ ಬಂದಳೇ? ಇಲ್ಲ. ಇಪ್ಪತ್ತು ದಿನ ಬರಲಿಲ್ಲ. ಅವನ ಹೊಟ್ಟೆಕಿಚ್ಚು ಹೋಯಿತೇ? ಅದೂ ಪೂರ್ತಿ ಹೋಗಲಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಓರಗಿತ್ತಿಯ ಒಡವೆಗೆ ಗೇಣು ಹಾಕಿದವರು ನೀವಲ್ಲವೇ? ಅವಳು ಹೊರುವ ಭಾರ ಕೇಳಿದಿರಾ? ಜೊತೆಯಲ್ಲಿ ಕೆಲಸಕ್ಕೆ ಸೇರಿದವನ ಕುರ್ಚಿ ಅಳೆದವರು ನೀವಲ್ಲವೇ? ಬೆಳಗ್ಗೆ ಯಾರೋ ಆಡಿದ ಒಂದು ಮಾತಿಗೆ ಸಂಜೆಯವರೆಗೆ ಕುಣಿಯುತ್ತೀರಿ. ಪಟ್ಟಿಯ ಮೇಲೆ ಪಟ್ಟಿ ಹಾಕಿಸುತ್ತೀರಿ, ಅದು ಹತ್ತು ಜನಕ್ಕೆ ಕಾಣುತ್ತದೆ. ಕುಣಿತ ನುಂಗುವ ಶಾಂತಿ ಆ ಶಾಕಿನ ಹಾಗೆ ಕಾಣುವುದಿಲ್ಲ, ಆದ್ದರಿಂದ ಅದಕ್ಕೆ ಕೈ ಬಿಚ್ಚುವುದಿಲ್ಲ. ಏಟು ಯಾರಿಗೆ? ನಿಮ್ಮ ಪಕ್ಕದಲ್ಲೇ ಕೂತವರಿಗೆ.

ಇಂದು ಮನೆಗೆ ಹೋಗಿ ಒಂದೇ ಕೆಲಸ ಮಾಡಿ. ಊಟಕ್ಕೆ ಕೂತಾಗ ಮನೆಯವರನ್ನು ಕೇಳಿ: ‘ನನ್ನ ಜೊತೆ ಇರೋದ್ರಲ್ಲಿ ನಿಮಗೆ ಎಲ್ಲಿ ನೋಯುತ್ತೆ?’ ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಹೇಳಿ ಮುಗಿಸಿದ ಮೇಲೆ, ‘ಪಕ್ಕದ ಮನೆಯವರು ಇದಕ್ಕಿಂತ ಕಡೆ’ ಎನ್ನಬೇಡಿ.