ಒಬ್ಬಳಿಗೆ ಲಿಲ್ಲೆ, ಇಬ್ಬರಿಗೆ ಸ್ಮೋ

…ತಪ್ಪು ಆ ಕಲ್ಲು ಕೆತ್ತೋ ಬೆಂಗ್ಟ್‌ನದ್ದೇ, ಟೋರುನ್! ನಮ್ಮ ಅವಳಿ ಮಕ್ಕಳ ಸಮಾಧಿ ಮೇಲೆ ನಾನು 'ಲಿಲ್ಲೆ' ಅಂತ ಬರೆಸ್ತೀನಾ? ಊರಿನ ಹುಡುಗರಿಗೆಲ್ಲ ನಾರ್ವೇಜಿಯನ್ ವ್ಯಾಕರಣ ಕಲಿಸೋ ಮೇಷ್ಟ್ರು ನಾನು! ಒಂದೇ ಕೂಸಾದ್ರೆ 'ಲಿಲ್ಲೆ', ನಮ್ಮ ಪುಟ್ಟಿ. ಎರಡಾದ ಕೂಡ್ಲೇ 'ಸ್ಮೋ', ನಮ್ಮ ಪುಟ್ಟಿಯರು. ಮಾತೇ ಪೂರ್ತಿ ಬದಲಾಗಿಬಿಡುತ್ತೆ, ಒಂದಕ್ಷರಾನೂ ಉಳಿಯಲ್ಲ…

ಮಂಡಿ ಊರಬೇಡ, ಬಟ್ಟೆ ನೆನೆಯುತ್ತೆ. ಹಿಮ ಈಗಷ್ಟೇ ಕರಗಿದೆ… ಸರಿ, ಕೂತ್ಕೋ.

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ, ಗೊತ್ತಾ? 'ಲೀತಿಲ್' ಅಂತ ಒಂದೇ ಮಾತು. ಒಬ್ಬರಿಗೂ ಅದೇ, ಹತ್ತು ಜನಕ್ಕೂ ಅದರದ್ದೇ ರೂಪ. ಸವೆದು ಸವೆದು ಅದು 'ಲಿಲ್ಲೆ' ಆಯ್ತು. ಹಲವರಿಗೆ ಮಾತ್ರ ಬೇರೆಯದೇ ಒಂದು ಮಾತು ಬಂದು ಕೂತ್ಕೊಳ್ತು… ಯಾಕೆ ಹಾಗೆ ನೋಡ್ತೀಯಾ? ಪಾಠ ಮಾಡ್ತಿಲ್ಲ ನಾನು!

ಬೆಂಗ್ಟ್ ಸ್ವೀಡನ್ನಿನವನು ತಾನೇ, ಅವನ ಭಾಷೆಯ ಗುಂಗಲ್ಲಿ ಏನೋ… ಹೂಂ. ಅವರಲ್ಲೂ ಇಬ್ಬರಿಗೆ 'ಸ್ಮೋ'ನೇ. ಗೊತ್ತು. ನನಗೆ ಗೊತ್ತಿಲ್ವಾ?

ಬೈದಾದ್ರೂ ಬಿಡು, ಟೋರುನ್.

ಆಯ್ತು… ಅವನು ಕೇಳಿದ. 'ಒಬ್ಬಳೋ ಇಬ್ಬರೋ, ಹಲ್ವರ್?' ಅಂತ. ಉಳಿ ಹಿಡ್ಕೊಂಡು ನನ್ನ ಮುಖಾನೇ ನೋಡ್ತಾ ನಿಂತಿದ್ದ. 'ಇಬ್ಬರು' ಅನ್ನೋಕೆ ನಾಲಿಗೆ ಏಳಲಿಲ್ಲ. 'ಲಿಲ್ಲೆ' ಅಂದ್ಬಿಟ್ಟೆ.

ಇಲ್ಲ, ಇಲ್ಲ! ಎರಡನೆಯವಳು ನಮ್ಮವಳಲ್ಲ ಅಂತಲ್ಲ! ಮೊದಲನೆಯವಳು ಸಂಜೆವರೆಗೂ ಉಸಿರಾಡಿದ್ಲು. ನನ್ನ ಬೆರಳು ಹಿಡ್ಕೊಂಡಿದ್ಲು. ಅವಳು ನನಗೆ ಗೊತ್ತು. ಎರಡನೆಯವಳು… ಹುಟ್ಟುವಾಗಲೇ ಉಸಿರಿರಲಿಲ್ಲವಲ್ಲ. ನಿನಗೆ ಆಪರೇಷನ್ ಆಗಿ ಇನ್ನೂ ಎಚ್ಚರ ಬಂದಿರಲಿಲ್ಲ. ನರ್ಸಮ್ಮ ಬಿಳಿ ಬಟ್ಟೇಲಿ ಸುತ್ತಿ ತಂದ್ರು. 'ಒಂದು ಸಲ ಎತ್ಕೊಳ್ಳಿ, ಅಮ್ಮನಿಗೆ ಹೇಳೋಕಾದ್ರೂ ಆಗುತ್ತೆ' ಅಂದ್ರು.

ಹೌದು… ಎತ್ಕೊಂಡೆ ಅಂತ ಹೇಳಿದ್ದೆ. ಹೇಳಿದ್ದೆ ನಿನಗೆ.

ಕೈ ಬಿಡಿಸ್ಕೋಬೇಡ…

ನಿನ್ನದೇ ಮೂಗು ಅಂದೆ. ನೀನು ದಿನಾ ಕೇಳ್ತಿದ್ದೆ, ನಾನು ದಿನಾ ಒಂದೊಂದು ಸೇರಿಸ್ತಿದ್ದೆ. ಕೂದಲು ಕಪ್ಪು ಅಂದೆ. ಗಲ್ಲದಲ್ಲಿ ಗುಳಿ ಅಂದೆ. ನೀನು ಅತ್ತು ಅತ್ತು ನಗ್ತಿದ್ದೆ, ನನಗೆ ನಿಲ್ಲಿಸೋಕೆ ಆಗ್ಲಿಲ್ಲ…

ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ, ಟೋರುನ್. ನರ್ಸಮ್ಮ ತುಂಬಾ ಹೊತ್ತು ಕಾದ್ರು. ಆಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸ್ತು. ನಿನಗೆ ಎಚ್ಚರ ಬರೋ ಹೊತ್ತಿಗೆ ಅವಳ ಪೆಟ್ಟಿಗೆ ಮುಚ್ಚಿಯಾಗಿತ್ತು.

ಅವಳನ್ನ ನಾವಿಬ್ಬರೂ ನೋಡೇ ಇಲ್ಲ.