ಅಡುಗೆಮನೆಯ ಗೋಡೆಗೆ ಸಿಗದ ಬಟನ್

ಇಲ್ಲಿ ಕುಳಿತವರಲ್ಲಿ ಈಗ ಹೊಸ ಮನೆ ಕಟ್ಟಿಸುತ್ತಿರುವವರು ಎಷ್ಟು ಜನ? ಕೈ ಎತ್ತಿ, ನೋಡೋಣ. ಸಾಕು, ಇಳಿಸಿ. ಇವತ್ತಿನ ಮಾತು ನಿಮಗೆ. ಉಳಿದವರು ಏಳಬೇಡಿ, ನಿಮ್ಮ ಪಾಲೂ ಇದೆ, ಕೊನೆಯಲ್ಲಿ ಬರುತ್ತದೆ.

ಒಂದು ಊರಿನಲ್ಲಿ ಒಬ್ಬ ಶ್ರೀಮಂತ ಮನೆ ಕಟ್ಟಿಸಲು ಹೊರಟ. ಊರು ಯಾವುದು, ಹೆಸರೇನು ಎಂದು ಪಕ್ಕದವರ ಕಿವಿ ಕಚ್ಚಬೇಡಿ. ಮನುಷ್ಯ ಒಳ್ಳೆಯವನೇ. ಕುಡಿಯುವುದಿಲ್ಲ, ಸೇದುವುದಿಲ್ಲ, ಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವುದಿಲ್ಲ. ನೋಡಿ, ಕೆಟ್ಟವನ ಕಥೆ ಹೇಳಿದರೆ ನಿಮಗೆ ಖುಷಿ. ಇದು ನನ್ನ ಕಥೆಯಲ್ಲ ಎಂದು ಆರಾಮಾಗಿ ಕಾಲು ಚಾಚುತ್ತೀರಿ. ಅದಕ್ಕೇ ನಾನು ಒಳ್ಳೆಯವನನ್ನು ಆರಿಸಿಕೊಂಡಿದ್ದೇನೆ.

ಅವನಿಗೆ ಒಂದು ಆಸೆ ಇತ್ತು. ಮನೆಯ ಯಾವ ಮೂಲೆಯಲ್ಲಿ ನಿಂತರೂ ದೇವರ ನಾಮ ಕಿವಿಗೆ ಬೀಳಬೇಕು. ಹಾಲಿನಲ್ಲಿ, ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ದೇವರ ಮನೆಯಲ್ಲಿ, ಮಹಡಿಯ ಮೇಲೆ, ಎಲ್ಲ ಕಡೆ ಸ್ಪೀಕರ್. ಹಾಗೆಯೇ ಕೋಣೆಗೊಂದು ಟಿ.ವಿ.ಗೆ ಕೇಬಲ್ಲು. ತಪ್ಪೇ? ತಪ್ಪಲ್ಲ. ಗೋಡೆ ಎದ್ದಿತ್ತು, ಸ್ಲ್ಯಾಬ್ ಬಿದ್ದಿತ್ತು, ಪ್ಲಾಸ್ಟರ್ ಆಗಿರಲಿಲ್ಲ. ಆ ಹೊತ್ತಿಗೆ ವೈರಿಂಗ್ ಮಿಸ್ತ್ರಿಯನ್ನು ಕರೆಸಿದ.

ಈ ಮಿಸ್ತ್ರಿ ಹೆಚ್ಚು ಓದಿದವನಲ್ಲ. ಆದರೆ ಎಷ್ಟೋ ಮನೆಗಳ ಗೋಡೆಯ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದವನು. ಸೀಮೆಸುಣ್ಣ ಹಿಡಿದು ಗೋಡೆಯಿಂದ ಗೋಡೆಗೆ ಗುರುತು ಹಾಕುತ್ತಾ ನಡೆದ. ಪ್ರತಿ ಕೋಣೆಯಿಂದಲೂ ಬೇರೆ ಬೇರೆ ತಂತಿ ಎಳೆದು ಎಲ್ಲವನ್ನೂ ಒಂದೇ ಜಾಗಕ್ಕೆ ತರೋಣ ಎಂದ. ಕರೆಂಟಿನ ಪೈಪಿಗೆ ಇದನ್ನು ಸೇರಿಸುವುದು ಬೇಡ, ಗೊರಗೊರ ಸದ್ದು ಬರುತ್ತದೆ ಎಂದ. ನಾಳೆ ಏನು ಬೇಕಾಗುತ್ತದೋ ಯಾರಿಗೆ ಗೊತ್ತು, ಒಂದೆರಡು ಖಾಲಿ ಪೈಪನ್ನೂ ಬಿಟ್ಟಿರೋಣ, ಇದರಲ್ಲಿ ದೊಡ್ಡ ಖರ್ಚಿಲ್ಲ ಎಂದ. ಆಮೇಲೆ ಅವನು ಹೇಳಿದ ಮಾತನ್ನು ಅವನ ಬಾಯಲ್ಲೇ ಕೇಳಿ: "ಸಾವುಕಾರ್ರ, ಹಾಡಿನ ಮಷಿನ್ ಆಮ್ಯಾಲೆ ತಗೊಳ್ರಿ, ವರ್ಷ ಬಿಟ್ಟು ತಗೊಳ್ರಿ. ಪೈಪ್ ಮಾತ್ರ ಈಗ ಹಾಕೂಣು. ಪ್ಲಾಸ್ಟರ್ ಆದ ಮ್ಯಾಲೆ ಗ್ವಾಡಿ ಯಾರ ಮಾತೂ ಕೇಳಂಗಿಲ್ಲ."

ಶ್ರೀಮಂತ ಏನು ಮಾಡಿದ? ಹಾಲಿನ ನಡುವೆ ತೂಗುಹಾಕಲು ಗಾಜಿನ ದೀಪದ ಗೊಂಚಲು ತರಿಸಿದ್ದ. ಅದಕ್ಕೆ ಹಿಂದೆಮುಂದೆ ನೋಡಿರಲಿಲ್ಲ. ಗೋಡೆಯೊಳಗೆ ಹೋಗುವ ತಂತಿಗೆ ಮಾತ್ರ ಕೈ ಬಿಗಿಹಿಡಿದ. ಕೋಣೆಗೊಂದು ತಂತಿ ಯಾಕೆ, ಒಂದೇ ತಂತಿಯಲ್ಲಿ ಹೂವು ಪೋಣಿಸಿದ ಹಾಗೆ ಪೋಣಿಸಿಬಿಡು ಎಂದ. ಹಾಲಿನಿಂದ ಅಡುಗೆಮನೆ, ಅಡುಗೆಮನೆಯಿಂದ ದೇವರ ಮನೆ, ಅಲ್ಲಿಂದ ಮಹಡಿ. ಕಣ್ಣಿಗೆ ಕಾಣುವುದಕ್ಕೆ ಸುರಿಯುತ್ತೇವೆ, ಗೋಡೆಯೊಳಗೆ ಹೋಗುವುದಕ್ಕೆ ಚೌಕಾಸಿ ಮಾಡುತ್ತೇವೆ. ನೀವು ಮಾಡುವುದಿಲ್ಲವೇ?

ಅಷ್ಟರಲ್ಲಿ ಅವನ ಹೆಂಡತಿ ಕೆಲಸದವರಿಗೆ ಚಹಾ ತೆಗೆದುಕೊಂಡು ಬಂದಳು. ಮಿಸ್ತ್ರಿ ಅವಳನ್ನೂ ಒಂದು ಮಾತು ಕೇಳಿದ. ಅಡುಗೆಮನೆಯಲ್ಲಿ ನಿಲ್ಲುವವರು ನೀವು, ನಿಮಗೇನು ಬೇಕು ಎಂದ. ಮನೆಯ ನಕ್ಷೆ ಬರೆಸಿದಾಗಿನಿಂದ ಆ ತಾಯಿಯನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಅವಳು ಒಲೆ ಬರುವ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು.

"ಅಡಿಗಿ ಮನ್ಯಾಗ ಒಂದ್ ಬಟನ್ ಹಾಕ್ರಿ," ಎಂದಳು. "ಬ್ಯಾಡಾದಾಗ ಬಂದ್ ಮಾಡಾಕ."

ಎಷ್ಟು ಸಣ್ಣ ಬೇಡಿಕೆ ನೋಡಿ. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಸದ್ದು ನಿಲ್ಲಿಸುವ ಒಂದು ಗುಂಡಿ, ಅದೂ ತಾನು ದಿನವಿಡೀ ನಿಲ್ಲುವ ಜಾಗದಲ್ಲಿ. ಮಿಸ್ತ್ರಿ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತನ್ನೂ ಹಾಕಿಬಿಟ್ಟ. ಶ್ರೀಮಂತ ಬಂದು ಅದನ್ನು ಅಂಗೈಯಿಂದ ಒರೆಸಿದ.

"ದೇವರ ಹೆಸರು ಬ್ಯಾಡ ಅನ್ನಾಕ ಬಟನ್ ಬೇಕೇನ ನಿನಗ?"

ಅಲ್ಲಿದ್ದವರೆಲ್ಲ ನಕ್ಕರು. ಗಾರೆಯವರು ನಕ್ಕರು, ಅವರ ಮೇಸ್ತ್ರಿ ನಕ್ಕ. ಅವಳೂ ನಕ್ಕಳಂತೆ. ಅಷ್ಟು ಜನರ ಎದುರು ನಗದೆ ಇನ್ನೇನು ಮಾಡಿಯಾಳು? ದೇವರನ್ನು ಅಡ್ಡ ತಂದು ನಿಲ್ಲಿಸಿದ ಮೇಲೆ ಹೆಂಗಸು ಬಾಯಿ ತೆರೆಯುವುದು ಹೇಗೆ? ಹಾಗೆ ಇಡೀ ಮನೆಗೆ ಒಂದೇ ಬಟನ್ ಉಳಿಯಿತು, ಹಾಲಿನಲ್ಲಿ, ಯಜಮಾನನ ಕುರ್ಚಿಯ ಪಕ್ಕ. ಗೋಡೆಗೆ ಪ್ಲಾಸ್ಟರ್ ಬಿತ್ತು. ಅಡುಗೆಮನೆಗೆ ನೆಲದಿಂದ ಸೂರಿನವರೆಗೆ ಟೈಲ್ಸ್ ಬಿತ್ತು.

ಗೃಹಪ್ರವೇಶಕ್ಕೆ ಒಬ್ಬ ಸ್ವಾಮಿಯನ್ನು ಕರೆಸಿದರು. ಶ್ರೀಮಂತ ಈ ಬಟನ್ನಿನ ಕಥೆಯನ್ನು ತಮಾಷೆಯಾಗಿ ಸ್ವಾಮಿಗೂ ಹೇಳಿದ. ಸ್ವಾಮಿಯೂ ಹೊಟ್ಟೆ ಕುಲುಕಿಸಿ ನಕ್ಕ. ಭಲೇ ಭಕ್ತಿ ಎಂದು ಬೆನ್ನು ತಟ್ಟಿದ. ಹಾಲಿನ ಬಟನ್ನನ್ನು ಮೊದಲು ಒತ್ತಿದ್ದು ಆ ಸ್ವಾಮಿಯ ಕೈ. ನೀವು ನನ್ನ ಮುಖ ನೋಡುತ್ತಿದ್ದೀರಿ. ಸರಿಯಾಗಿಯೇ ನೋಡುತ್ತಿದ್ದೀರಿ. ಆ ಸ್ವಾಮಿ ನಾನೇ.

ಮುಂದೆ ಕೇಳಿ. ದಿನವೂ ಬೆಳಿಗ್ಗೆ ಏಳಕ್ಕೆ ಶ್ರೀಮಂತ ಬಟನ್ ಒತ್ತಿ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮೇಲೆ ಮಗ ಸೊಸೆ, ಅವರ ಕೋಣೆಗೂ ಬಾಗಿಲು, ಅವರ ತಲೆಯ ಮೇಲೂ ಸ್ಪೀಕರ್. ಕೆಳಗೆ ಅಡುಗೆಮನೆಯಲ್ಲಿ ಅವಳೊಬ್ಬಳೇ. ಹಾಲು ಉಕ್ಕುವ ಸದ್ದು ಕೇಳುವುದಿಲ್ಲ, ಕುಕ್ಕರ್ ಎಷ್ಟು ಸಲ ಕೂಗಿತು ಎಂದು ತಿಳಿಯುವುದಿಲ್ಲ. ಯಜಮಾನನ ಕುರ್ಚಿಯ ಪಕ್ಕದ ಬಟನ್ ಆರಿಸಿದರೆ ದೇವರ ಮನೆಯಲ್ಲೂ ನಿಲ್ಲುತ್ತದೆ. ಹೇಳಿದಳು. ಒಮ್ಮೆಯಲ್ಲ, ಹತ್ತು ಸಲ ಹೇಳಿದಳು. ಅವಳು ಹೇಳುವಾಗಲೂ ಅದು ಮೊಳಗುತ್ತಲೇ ಇತ್ತು. ಅವನು ಕೈ ಸನ್ನೆಯಲ್ಲೇ ಆಮೇಲೆ ಎಂದ.

ಒಂದು ದಿನ ಅಡುಗೆಮನೆಯ ಹಿಂದಿನ ಬಚ್ಚಲಲ್ಲಿ ಪಾತ್ರೆ ತೊಳೆಯಲು ಹೋದವಳು ಕಾಲು ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಏಳಲಾಗಲಿಲ್ಲ, ತೆವಳಲೂ ಆಗಲಿಲ್ಲ. ಹಾಗೇ ತಣ್ಣೀರಿನಲ್ಲಿ ಬಿದ್ದುಕೊಂಡಿದ್ದಳು. ಎಷ್ಟು ಹೊತ್ತು? ಒಂದು ಪ್ರವಚನದ ಹೊತ್ತು. ಅದು ಮುಗಿದು ಮನೆ ನಿಶ್ಶಬ್ದವಾಗಿ, ಶ್ರೀಮಂತ ದೇವರ ಮನೆಯಿಂದ ಹೊರಬಂದು, ಚಹಾ ಯಾಕೆ ಇನ್ನೂ ಬಂದಿಲ್ಲ ಎಂದು ನೋಡಲು ಒಳಗೆ ಹೋದ. ಹೌದು, ಅವನು ಹೋದದ್ದು ಚಹಾಕ್ಕೆ.

ನಾನು ಆಸ್ಪತ್ರೆಗೆ ಹೋಗಿದ್ದೆ. ಸೇಬು ಒಯ್ದಿದ್ದೆ, ವಿಭೂತಿ ಒಯ್ದಿದ್ದೆ. ದೊಡ್ಡಸ್ತಿಕೆಯಿಂದ ಮಂಚದ ಪಕ್ಕ ಕುಳಿತು, ತಾಯೀ, ಒಂದು ಸಲ ಕೂಗಬಾರದಿತ್ತೇ ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕೂಗಿದ್ನ್ರಿ ಅಜ್ಜಾರ. ನಿಮ್ಮ ದನಿ ದೊಡ್ಡದಿತ್ತು. ನೀವು ಉಸಿರು ತಗೊಳ್ಳಾಕ ನಿಂತಾಗೊಮ್ಮೆ ಕೂಗಿದೆ. ಆದ್ರ ನೀವು ನಿಂತಾಗ ಮಂದಿ ಚಪ್ಪಾಳಿ ಹೊಡೀತಿದ್ರು."

ತಿಳಿಯಿತೇ? ಅವತ್ತು ಆ ಮನೆಯಲ್ಲಿ ಮೊಳಗುತ್ತಿದ್ದದ್ದು ನನ್ನ ಪ್ರವಚನದ ರೆಕಾರ್ಡಿಂಗ್. ಹೋದ ವರ್ಷ ಇದೇ ಮಂಟಪದಲ್ಲಿ ಮಾಡಿದ್ದು. ವಿಷಯ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗೃಹಿಣಿಯ ಸಹನೆ. ಆ ಚಪ್ಪಾಳೆ ಯಾರದು? ನಿಮ್ಮದು. ಈ ಮುಂದಿನ ಸಾಲಿನವರದು, ಆ ಕಂಬದ ಹತ್ತಿರ ಕುಳಿತವರದು. ಒಂದು ಜೀವ ನೀರಿನಲ್ಲಿ ಬಿದ್ದು ಕೂಗುತ್ತಿತ್ತು, ನಾನು ಅವಳ ಸಹನೆಯನ್ನು ಹೊಗಳುತ್ತಿದ್ದೆ, ನೀವು ಕೈ ತಟ್ಟುತ್ತಿದ್ದಿರಿ. ಬೇಡ, ಈಗ ತಲೆ ತಗ್ಗಿಸಬೇಡಿ. ಅದರಿಂದ ಅವಳ ಕಾಲು ನೆಟ್ಟಗಾಗುವುದಿಲ್ಲ.

ಇಷ್ಟಾದ ಮೇಲಾದರೂ ಆ ಶ್ರೀಮಂತನ ಕಣ್ಣು ತೆರೆಯಿತು ಎಂದು ಹೇಳಿ ಮುಗಿಸಲಿ ಎಂದು ನಿಮಗೆ ಆಸೆ. ನನಗೂ ಆಸೆ ಇತ್ತು. ಅವನು ಮಿಸ್ತ್ರಿಯನ್ನು ಕರೆಸಿದ್ದು ನಿಜ. ಅಡುಗೆಮನೆಯಲ್ಲಿ ತಂತಿ ಕತ್ತರಿಸಿದರೆ ಅದರ ಮುಂದಿರುವ ದೇವರ ಮನೆಯ ಸ್ಪೀಕರೂ ನಿಲ್ಲುತ್ತದೆ, ಎಲ್ಲ ಒಂದೇ ತಂತಿಯಲ್ಲಿ ಪೋಣಿಸಿದ್ದಲ್ಲವೇ, ಅಡುಗೆಮನೆಗೆ ಬಟನ್ ಬೇಕಾದರೆ ಟೈಲ್ಸ್ ಒಡೆದು ಗೋಡೆ ಕೊರೆಯಬೇಕು ಎಂದು ಮಿಸ್ತ್ರಿ ಹೇಳಿದ. ಶ್ರೀಮಂತ ಟೈಲ್ಸಿನ ಮೇಲೆ ಕೈ ಆಡಿಸಿದ. ಈ ಡಿಸೈನ್ ಈಗ ಎಲ್ಲೂ ಸಿಗುವುದಿಲ್ಲ, ಸದ್ಯಕ್ಕೆ ಇರಲಿ ಬಿಡು ಎಂದ. ನಾನು ಹೇಳಿಕಳಿಸಿದೆ, ನನ್ನ ಪ್ರವಚನವನ್ನು ಇನ್ನು ನಿನ್ನ ಮನೆಯಲ್ಲಿ ಹಾಕಬೇಡ ಎಂದು. ಮಾತು ಕೇಳಿದ. ಈಗ ಬೇರೆ ಸ್ವಾಮಿಗಳದ್ದು ಹಾಕುತ್ತಾನಂತೆ. ಆ ತಾಯಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಅದೇ ಸ್ಪೀಕರಿನ ಕೆಳಗೆ ತರಕಾರಿ ಹೆಚ್ಚುತ್ತಾಳೆ. ಈಗ ಯಾರಿಗೂ ಏನೂ ಹೇಳುವುದಿಲ್ಲವಂತೆ. ನಮ್ಮ ಮನೆಯಲ್ಲಿ ಈಗ ಶಾಂತಿ ಇದೆ ಎಂದು ಶ್ರೀಮಂತ ಹೇಳಿಕೊಂಡು ತಿರುಗುತ್ತಾನೆ.

ಈಗ ನಿಮ್ಮ ಸರದಿ. ಕೈ ಎತ್ತಿದವರೇ, ನಿಮ್ಮ ಮನೆಗಳ ಪ್ಲಾಸ್ಟರ್ ಇನ್ನೂ ಆಗಿಲ್ಲ ತಾನೇ? ನಾಳೆ ಕೆಲಸ ನಿಲ್ಲಿಸಿ. ಮನೆಯ ಹೆಂಗಸರನ್ನು, ಹಿರಿಯರನ್ನು ಕರೆದುಕೊಂಡು ಹೋಗಿ ಒಂದೊಂದು ಗೋಡೆಯ ಮುಂದೆ ನಿಲ್ಲಿಸಿ ಕೇಳಿ. ಇಲ್ಲಿ ಏನು ಬೇಕು, ಏನು ಬೇಡ, ಬಟನ್ ಎಷ್ಟು ಎತ್ತರಕ್ಕೆ ಇರಬೇಕು. ಅವರು ಹೇಳಿದ್ದಕ್ಕೆ ನಗಬೇಡಿ. ಕೋಣೆಗೆ ಕೋಣೆಯ ತಂತಿ, ಕೋಣೆಗೆ ಕೋಣೆಯ ಬಟನ್. ಕೈ ಬಿಗಿಹಿಡಿಯಬೇಕೆಂದರೆ ಗೊಂಚಲು ದೀಪಕ್ಕೆ ಬಿಗಿಹಿಡಿಯಿರಿ, ಟಿ.ವಿ.ಯನ್ನು ಮುಂದಿನ ವರ್ಷ ತನ್ನಿ. ಪೈಪ್ ಹಾಕಿದ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಒಡೆಯುವಾಗ ಎಲ್ಲಿ ಒಡೆಯಬೇಕೆಂದು ತಿಳಿಯುತ್ತದೆ. ಪ್ಲಾಸ್ಟರ್ ಆಗಿಹೋದವರು ಏನು ಮಾಡಬೇಕು? ಒಡೆಯಬೇಕು. ಟೈಲ್ಸಿನ ಡಿಸೈನ್ ಹಾಳಾದರೆ ಹಾಳಾಗಲಿ. ದಿನಕ್ಕೆ ಒಂದು ಗಂಟೆಯಾದರೂ ಮನೆಯಲ್ಲಿರುವುದನ್ನೆಲ್ಲ ಬಂದ್ ಮಾಡಿ ಕುಳಿತುಕೊಳ್ಳಿ. ನನ್ನ ಪ್ರವಚನವನ್ನು ಮೊದಲು ಬಂದ್ ಮಾಡಿ.

ಇನ್ನೊಂದು ಮಾತು. ಈ ಮಂಟಪದ ಹಿಂದೆ ನಿಮ್ಮ ಪ್ರಸಾದಕ್ಕೆ ಹೆಂಗಸರು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದಾರೆ. ಅವರ ನೆತ್ತಿಯ ಮೇಲೆ ನೀವೇ ಒಂದು ಸ್ಪೀಕರ್ ಕಟ್ಟಿದ್ದೀರಿ, ಪಾಪ, ಅವರಿಗೂ ಪುಣ್ಯ ಬರಲಿ ಎಂದು. ಬೇಕೇ ಎಂದು ಅವರನ್ನು ಒಬ್ಬರಾದರೂ ಕೇಳಿದಿರೇ? ನಾನೂ ಕೇಳಿಲ್ಲ. ಮೈಕಿನವರೇ, ಬಂದ್ ಮಾಡಿ. ಈ ಮೈಕನ್ನೂ ಮಾಡಿ, ಹಿಂದಿನ ಸ್ಪೀಕರನ್ನೂ ಮಾಡಿ. ಚಪ್ಪಾಳೆ ಬೇಡ. ಎಲ್ಲರೂ ಎದ್ದು ಮಂಟಪದ ಹಿಂದಕ್ಕೆ ಹೋಗಿ, ಅವರು ಏನು ಹೇಳುತ್ತಾರೋ ಪೂರ್ತಿ ಕೇಳಿಕೊಂಡು ಬನ್ನಿ. ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡು ಇಲ್ಲಿ ಕುಳಿತಿರುತ್ತೇನೆ.