ಮ್ಯಾಗ್ನೆಟ್ ಗುಂಡಿಯ ಉಸಿರು

ಆ ಬಾಗಿಲು ಹಾಕಬೇಡಿ, ಗಾಳಿ ಆಡಲಿ... ಇದು ಯಾರೋ ಎಲ್ಲೋ ಹೇಳಿದ್ದಲ್ಲ. ಈಶ್ವರ ನನ್ನ ಚಿಕ್ಕಪ್ಪನ ಮಗ. ಭಾಂಡುಪ್‌ನ ಚಾಳಿನಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿದ್ದೆವು.

ಹೋದ ವರ್ಷ ಡ್ಯೂಟಿ ಇಲ್ಲದ ಒಂದು ರಾತ್ರಿ ಅವನು ಕೊನೆಯ ಲೋಕಲ್ ಇಳಿದು ಮನೆಗೆ ಬರುತ್ತಿದ್ದ. ಮುಚ್ಚಿದ ಕಾರ್ಖಾನೆಯ ಗೋಡೆ ಪಕ್ಕ ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ದಾಟುವಾಗ ಒಳಗಿಂದ ಸುಯ್ಯ್... ಅಂತ ಸದ್ದು. ಹಾವಿನದಲ್ಲ. ದ್ರವ ನೈಟ್ರೋಜನ್ ಸುರಿಯುವಾಗ ಬರುವ ಸದ್ದು. ಲ್ಯಾಬಿನಲ್ಲಿ ದಿನಾ ಅದನ್ನೇ ಸುರಿಯುವವನಿಗೆ ತಿಳಿಯದೆ ಇರುತ್ತದೆಯೇ? ನಿಂತ. ಜಾಲರಿಯ ಕೆಳಗಿಂದ ಪಿಸುಮಾತು ಬಂತು.

"ಈಶ್ಯಾ... ಫ್ಯಾನ್ ಹಚ್ಚೋ."

ಶಿವಪುತ್ರಪ್ಪನ ದನಿ. ಅವನು ಸತ್ತು ಎಂಟು ತಿಂಗಳಾಗಿತ್ತು.

ಶಿವಪುತ್ರಪ್ಪ ಅಂದರೆ ಈಶ್ವರನಿಗೆ ಕೆಲಸ ಕಲಿಸಿದವನು. ಇಬ್ಬರೂ ಇದೇ ಮುಂಬಯಿಯ ಒಂದು ಲ್ಯಾಬಿನಲ್ಲಿ ಸಹಾಯಕರು, ಹೆಸರು ಬೇಡ. ಅಲ್ಲಿ ನೆಲದಲ್ಲಿ ಆಳದ ಗುಂಡಿ, ಗುಂಡಿಯಲ್ಲಿ ದೊಡ್ಡ ಮ್ಯಾಗ್ನೆಟ್. ಅದಕ್ಕೆ ನೈಟ್ರೋಜನ್ ತುಂಬಲು ಕೆಳಗಿಳಿಯಬೇಕು. ನೈಟ್ರೋಜನ್‌ಗೆ ವಾಸನೆಯಿಲ್ಲ, ಗುಂಡಿಯಲ್ಲಿ ತುಂಬಿಕೊಂಡರೆ ಮನುಷ್ಯ ಉಸಿರು ಕಟ್ಟಿ ಬೀಳುತ್ತಾನೆ. ಶಿವಪುತ್ರಪ್ಪ ಊರಲ್ಲಿ ಬಾವಿ ತೋಡಿದವನು. ಹಾಳು ಬಾವಿಗೆ ದೀಪ ಇಳಿಸಿ ಗಾಳಿ ಇದೆಯೇ ಅಂತ ನೋಡುವ ಹಾಗೆ ಇಲ್ಲೂ ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದ. ಆರಿದರೆ ತಾನು ಇಳಿಯುತ್ತಿರಲಿಲ್ಲ. ಹೊಗೆ ಕೂತು ಸ್ಯಾಂಪಲ್ ಹಾಳಾಗುತ್ತದೆ ಅಂತ ಅಲ್ಲಿನ ವಿಜ್ಞಾನಿ ಅಪೇಕ್ಷಾ ಮೇಡಂ ಅದನ್ನು ನಿಲ್ಲಿಸಿದರು. ಉಳಿದದ್ದು ಗಾಳಿ ಎಳೆಯುವ ಫ್ಯಾನ್ ಒಂದೇ. ಅದರ ಮೋಟಾರಿನಿಂದ ರೀಡಿಂಗ್ ಕೆಡುತ್ತಿತ್ತು. ಒಂದು ರಾತ್ರಿ ಆರಿಸು ಅಂದರು. ಮುದುಕ ಕೆಳಗಿದ್ದಾನೆ ಅಂತ ಗೊತ್ತಿದ್ದೂ ನನ್ನ ತಮ್ಮ ಆರಿಸಿದ.

ವಿಚಾರಣೆಯಲ್ಲಿ ಮೇಡಂ ಮತ್ತು ಇವನು, ಶಿವಪುತ್ರಪ್ಪ ತಾನೇ ಆರಿಸಿಕೊಂಡು ಇಳಿದ ಅಂದರು. ಇವನಿಗೆ ನೌಕರಿ ಕಾಯಂ ಮಾಡಿಸುವ ಭರವಸೆ ಸಿಕ್ಕಿತು. ತನ್ನ ತಪ್ಪಿನಿಂದಲೇ ಸತ್ತ ಅಂತ ಬರೆದ ಮೇಲೆ ಮುದುಕನ ಹೆಂಡತಿ ಭಾಗವ್ವನಿಗೆ ಅವನ ಜಾಗದ ಕೆಲಸ ಎಲ್ಲಿಂದ ಬರಬೇಕು? ಖರೆ ಹೇಳಪಾ ಅಂತ ಮೂರು ಸಲ ನಮ್ಮ ಖೋಲಿಗೆ ಬಂದಳು. ಕಾಯಂ ಆರ್ಡರ್ ಕೈಗೆ ಬರಲಿ ಅಂತ ಇವನು ದಿನ ತಳ್ಳಿದ. ನನಗೆ ಅವನ ಮುಖ ನೋಡಲು ಹೇಸಿಗೆಯಾಗುತ್ತಿತ್ತು.

ಬಾವಿಯ ಮಾತು ಕೇಳಿದ ಮರುದಿನ ಲ್ಯಾಬಿನಲ್ಲಿ ಶುರುವಾಯಿತು. ಕೊನೆಯ ಲೋಕಲ್ಲಿಗೂ ಮೊದಲ ಲೋಕಲ್ಲಿಗೂ ನಡುವೆ ಮಾತ್ರ ಅಲ್ಲಿ ಅಳತೆ. ರೈಲಿನ ಕರೆಂಟು ಕೂಡ ಅದನ್ನು ಕೆಡಿಸುತ್ತದೆ. ಅಳೆಯುವುದು ಗಾಜಿನ ಮೇಲಿನ ಲೋಹದ ತೆಳುವಾದ ಪೊರೆಯನ್ನು. ವಿಪರೀತ ತಣ್ಣಗಾದರೆ ಅದರಲ್ಲಿ ಕರೆಂಟು ತಡೆಯೇ ಇಲ್ಲದೆ ಹರಿಯುತ್ತದಂತೆ. ಅಷ್ಟು ತಣ್ಣಗಾಗುವ ಮೊದಲೇ ಎಲೆಕ್ಟ್ರಾನುಗಳು ಕ್ಷಣಕಾಲ ಜೋಡಿಯಾಗಿ ಬಿಟ್ಟುಹೋಗುತ್ತವೆ. ಆಗ ಕಂಪ್ಯೂಟರಿನ ಗ್ರಾಫಿನಲ್ಲಿ ತಡೆಯ ಗೆರೆ ಚೂರು ಇಳಿಯುತ್ತದೆ. ಮ್ಯಾಗ್ನೆಟ್ ಏರಿಸಿದರೆ ಆ ಜೋಡಿಗಳು ಮುರಿಯುತ್ತವೆ.

"ಒಳಗೆಲ್ಲ ಸತ್ತುಹೋಗುತ್ತೆ ಈಶ್ವರ," ಅಂದಿದ್ದರಂತೆ ಮೇಡಂ, "ಮೇಲ್ಮೈಲಿ ಮಾತ್ರ ಇನ್ನೊಂಚೂರು ಉಳ್ಕೊಂಡಿರುತ್ತೆ. ಪೂರ್ತಿ ಏರಿಸಿದ್ರೆ ಅದೂ ಇಲ್ಲ."

ಆ ರಾತ್ರಿ ಪೂರ್ತಿ ಏರಿಸಿದರು. ಗೆರೆ ನೆಟ್ಟಗಾಗಬೇಕಿತ್ತು... ಆಗಲಿಲ್ಲ. ಇಳಿಯಿತು, ಏರಿತು. ಇಳಿಯಿತು, ಏರಿತು. ನಡುವಿನ ಬಿಡುವು ಉದ್ದವಾಗುತ್ತ ಹೋಗಿ, ಒಮ್ಮೆ ಜಗ್ಗಿ, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿಂದ. ಈಶ್ವರನಿಗೆ ತಿಳಿಯಿತು, ಅದು ಉಸಿರು. ಓಡಿ ಫ್ಯಾನ್ ಹಾಕಿದ. ಗೆರೆ ನೆಟ್ಟಗಾಯಿತು. ಮೇಡಂ ತಲೆ ಎತ್ತದೆ, ಆಫ್ ಮಾಡಿ ಅಂದರು. ಯಾರೂ ಕಾಣದ್ದನ್ನು ಕಂಡೆ ಅಂತ ಅವರಿಗೆ ಸಂಭ್ರಮ. ಮೂರು ವಾರ ಇವನು ರಾತ್ರಿ ರಾತ್ರಿ ಫ್ಯಾನ್ ಆರಿಸಿದ. ದಿನಾ ಅವನನ್ನು ಕೊಲ್ಲುತ್ತಿದ್ದೇನೆ ಅಂತ ನನ್ನ ಮುಂದೆ ಅತ್ತ. ಅತ್ತು, ಹೊತ್ತಾಯಿತು ಅಂತ ಡ್ಯೂಟಿಗೆ ಹೋದ.

ಆರ್ಡರ್ ಬಂದ ಸಂಜೆ ಭಾಗವ್ವ ನಮ್ಮ ಹೊಸ್ತಿಲಲ್ಲಿ ಕೂತಿದ್ದಳು.

"ಈಗರ ಹೇಳ್ತಿ ಏನಪಾ?"

"ನಾಳಿ ಹೇಳ್ತೀನಿ ಅಕ್ಕಾ."

ಆ ರಾತ್ರಿ ಈಶ್ವರ ಫ್ಯಾನ್ ಓಡುವುದನ್ನು ನೋಡಿಯೇ ಗುಂಡಿಗೆ ಇಳಿದನಂತೆ. ಕೆಳಗೆ ನೈಟ್ರೋಜನ್ ಸುಯ್ಯ್ ಅನ್ನುತ್ತಿದ್ದಾಗ ಮೋಟಾರು ಟಕ್ ಅಂತ ನಿಂತಿತು. ಸ್ವಿಚ್ ಇದ್ದದ್ದು ಮೇಲೆ, ಮೇಡಂ ಕೂತ ಗಾಜಿನ ಕೋಣೆಯಲ್ಲಿ. ತಾನು ಮುಟ್ಟಲಿಲ್ಲ ಅಂತ ಅವರು ನನ್ನ ಮುಂದೆ ಆಣೆ ಮಾಡಿದರು. ಆದರೆ ಅವನು ಕೂಗಿದ್ದು ಕೇಳಿಸಿತ್ತು.

"ಈಶ್ವರ ಫ್ಯಾನ್ ಹಚ್ಚಿ ಅಂದ್ರು," ಅಂದರು ನನಗೆ, ಮೆಲ್ಲಗೆ. "ಆ ಒಂದು ರೀಡಿಂಗ್ ಮುಗೀಲಿ ಅಂತ... ಕಾದೆ."

ವಿಚಾರಣೆಯಲ್ಲಿ ಬೇರೆ ಹೇಳಿದರು. ಈಶ್ವರ ತಾನೇ ಆರಿಸಿಕೊಂಡು ಇಳಿದ, ಅಂತ. ಭಾಗವ್ವನ ಪರವಾಗಿ ಖರೆ ಹೇಳಬಹುದಾಗಿದ್ದ ಒಂದು ಬಾಯಿಯೂ ಮುಚ್ಚಿತು. ನಾನು ಕೇಳಿದ್ದನ್ನೆಲ್ಲ ಹೇಳಿದೆ. ಕಣ್ಣಾರೆ ಕಂಡೆಯಾ ಅಂತ ಕೇಳಿ ಕಳಿಸಿದರು. ಭಾಗವ್ವ ಈಗ ಸಯನ್‌ನಲ್ಲಿ ನಾಲ್ಕು ಮನೆ ಪಾತ್ರೆ ತಿಕ್ಕುತ್ತಾಳೆ.

ನೀವು ನಗುತ್ತೀರಿ, ನಗಿ. ಆ ರಾತ್ರಿ ಎರಡು ಗಂಟೆಗೆ ಈಶ್ವರನ ಹೆಣ ಮೇಲೆತ್ತಿ ಒಯ್ದರು. ಆ ಗಡಿಬಿಡಿಯಲ್ಲಿ ಕಂಪ್ಯೂಟರ್ ಯಾರೂ ನಿಲ್ಲಿಸಿರಲಿಲ್ಲ. ಬೆಳಿಗ್ಗೆ ಸುದ್ದಿ ಕೇಳಿ ಲ್ಯಾಬಿಗೆ ಹೋದಾಗ ಆ ಗ್ರಾಫನ್ನು ನಾನು ಇದೇ ಕಣ್ಣಿಂದ ನೋಡಿದ್ದೇನೆ. ನಾಲ್ಕರ ತನಕ ಅದರಲ್ಲಿ ಇಬ್ಬರ ಉಸಿರಿದೆ. ಒಂದು ಉದ್ದ, ಒಂದು ಗಿಡ್ಡ.